ಹುಳುಮನೆಯ ಲೈವ್

ಹೊನ್ನೂರಪ್ಪ ದುಡ್ಡು ಕೇಳಿದ್ದರೆ ರಾಮಾಂಜಿಗೆ ಇಷ್ಟು ದಿಗಿಲಾಗುತ್ತಿರಲಿಲ್ಲ. ಮುದುಕ ಕೇಳಿದ್ದು ಹೆಸರನ್ನು.

"ಆ ಹಾಡಿನ ತಟ್ಟಿ ಮ್ಯಾಲ ನಂದೊಂದು ಹೆಸರು ಹಾಕ್ಸಪಾ ತಮ್ಮಾ," ಎಂದಿದ್ದ ಫೋನಿನಲ್ಲಿ. "ಸಣ್ಣಕ್ಷರದಾಗ ಇದ್ರೂ ನಡೀತೈತಿ. ಅದರ ಕೆಳಗ ಗುಂತಕಲ್ಲಿನ ನಮ್ಮ ಡ್ರೈವರ್ ಸಾಹೇಬರ್ದು ಒಂದು. ಅವರು ಕಲಿಸದಿದ್ರ ನನಗೆಲ್ಲಿ ಬರ್ತಿತ್ತು ಈ ವಿದ್ಯೆ?"

ಆಮೇಲೆ ಫೋನು ಮೊಮ್ಮಗಳು ಹೇಮಾಳ ಕೈಗೆ ಹೋಯಿತು. ರಾಯದುರ್ಗದ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗಿ. ಅವಳ ದನಿ ತಾತನಷ್ಟು ಮೆತ್ತಗಿರಲಿಲ್ಲ.

"ಹದಿನಾಲ್ಕು ಕ್ಯಾಸೆಟ್ಟೂ ಬಿಸ್ಕತ್ ಡಬ್ಬ್ಯಾಗ ಹಂಗ ಅದಾವ್ರಿ ಅಣ್ಣಾ. ತಾತ ಊದಿದ್ದೂ ಐತಿ, ನಡುವ ಕೆಮ್ಮಿದ್ದೂ ಐತಿ, ಅವ್ವ ಒಲಿ ಮುಂದ ಕುಂತು ಬೈದಿದ್ದೂ ಐತಿ. ನೀವ ಹೆಸರು ಹಾಕಸ್ತೀರೋ, ಇಲ್ಲ ನಾನ ಕಂಪನಿಯವ್ರಿಗೆ ಕಳಸ್ಲೋ? ಹುಣ್ಣಿಮಿತನ ನೋಡ್ತೀನ್ರಿ."

ಫೋನಿಟ್ಟ ಮೇಲೆ ರಾಮಾಂಜಿ ತನ್ನ ಕೈಗಳನ್ನು ನೋಡಿಕೊಂಡ. ಲೋಕಕ್ಕೆ ಗೊತ್ತಿದ್ದದ್ದು ಆ ಎರಡು ಕೈಗಳೇ. ಮುಖ ಯಾರೂ ನೋಡಿರಲಿಲ್ಲ, ದನಿ ಯಾರೂ ಕೇಳಿರಲಿಲ್ಲ.

ಅಗಳಿಯ ಪಕ್ಕದ ಹಳ್ಳಿಯವನು ಅವನು. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ರೇಷ್ಮೆ ಸಾಕುವ ಒಂದು ಹುಳುಮನೆ, ಹೆಂಡತಿ ಸೌಭಾಗ್ಯ. ಹುಳುಗಳ ಸಾಕಣೆಯೆಲ್ಲ ಅವಳದೇ. ಅವನು ಮೊದಲಿಗೆ ಮಡಕಶಿರದ ಆರ್ಕೆಸ್ಟ್ರಾ ಒಂದರಲ್ಲಿ ರಿದಂ ಪ್ಯಾಡ್ ಬಾರಿಸುತ್ತಿದ್ದ. ಎಂಟು ವರ್ಷದ ಹಿಂದೆ ರಾಯದುರ್ಗದ ಮದುವೆಯೊಂದರಲ್ಲಿ ಬ್ಯಾಂಡ್‌ಸೆಟ್ಟಿನವರ ನಡುವೆ ಒಬ್ಬ ಬಡಕಲು ಮುದುಕ ಸ್ಯಾಕ್ಸೊಫೋನ್ ಊದುವುದನ್ನು ಕೇಳಿದ. ಹಾಡು ಒಂದು ದಾರಿ ಹಿಡಿದರೆ ಮುದುಕ ಇನ್ನೊಂದು ದಾರಿ ಹಿಡಿಯುತ್ತಿದ್ದ. ಎಲ್ಲೋ ಅಲೆದು, ಇನ್ನೇನು ಹಾದಿ ತಪ್ಪಿದ ಅನ್ನುವಾಗ ಸರಿಯಾಗಿ ಪಲ್ಲವಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಅದಕ್ಕೆ ಜಾಝ್ ಅನ್ನುತ್ತಾರೆಂದೂ, ಪ್ರಾಯದಲ್ಲಿ ಗುಂತಕಲ್ಲಿನ ರೈಲ್ವೆ ಕಾಲೊನಿಯಲ್ಲಿ ಆಂಗ್ಲೋ ಇಂಡಿಯನ್ ಡ್ರೈವರೊಬ್ಬರು ಅದನ್ನು ಕಲಿಸಿದರೆಂದೂ ಹೊನ್ನೂರಪ್ಪನೇ ಹೇಳಿದ. ಮನೆಯಲ್ಲಿ ಒಬ್ಬನೇ ಕೂತು ಊದಿ ಟೇಪ್‌ರೆಕಾರ್ಡರಿನಲ್ಲಿ ತುಂಬಿಟ್ಟ ಹದಿನಾಲ್ಕು ಕ್ಯಾಸೆಟ್ ತೋರಿಸಿದ. ಹಾಳಾಗದಂತೆ ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆಂದು ರಾಮಾಂಜಿ ಅವನ್ನು ತಂದ. ಇಳಿಸಿಕೊಂಡು ವಾಪಸ್ಸೂ ಕೊಟ್ಟ. ಅಲ್ಲಿಯವರೆಗೆ ಅವನಲ್ಲಿ ಕಪಟವಿರಲಿಲ್ಲ.

ಆಮೇಲೆ ಆ ಊದುವಿಕೆಯಿಂದ ನಾಲ್ಕು ಸೆಕೆಂಡು ಇಲ್ಲಿ, ಆರು ಸೆಕೆಂಡು ಅಲ್ಲಿ ಕತ್ತರಿಸಿ, ನಿಧಾನ ಮಾಡಿ, ಕೆಳಗೆ ತನ್ನ ಕೈಯ ಬಡಿತ ಜೋಡಿಸಿದ. ಮಾತಿಲ್ಲದ ಹಿಪ್‌ಹಾಪ್. ಇಂಥ ಸಂಗೀತದಲ್ಲಿ ಹಳೆಯ ಗ್ರಾಮಫೋನ್ ತಟ್ಟೆಯ ಮೇಲೆ ಮುಳ್ಳು ಕೆರೆಯುವ ಸದ್ದು ಹಿಂದೆ ಇರಬೇಕೆಂದು ಎಲ್ಲರೂ ಬಯಸುತ್ತಾರೆ. ರಾಮಾಂಜಿ ಅದರ ಬದಲು ಹುಳುಮನೆಯಲ್ಲಿ ಮೈಕ್ ತೂಗುಹಾಕಿದ. ಸಾವಿರಾರು ರೇಷ್ಮೆ ಹುಳುಗಳು ಒಟ್ಟಿಗೆ ಎಲೆ ಕತ್ತರಿಸುವ ಸದ್ದು ಹೆಂಚಿನ ಮೇಲೆ ಬೀಳುವ ಜಿಟಿಜಿಟಿ ಮಳೆಯಂತೆ ಕೇಳಿಸಿತು. ಜಪಾನಿನವರು ಕೇಳಿದರು, ಜರ್ಮನಿಯವರು ಕೇಳಿದರು. 'ಮೌನಿ' ಎಂಬ ಅವನ ಚಾನೆಲ್ಲಿಗೆ ಜನ ಇರುವೆಯಂತೆ ಬಂದರು. ಸ್ಯಾಕ್ಸೊಫೋನ್ ಯಾರದು ಎಂದು ಒಮ್ಮೆ ಯಾರೋ ಕೇಳಿದಾಗ 'ನಾನೇ' ಎಂದು ಟೈಪ್ ಮಾಡಿದ. ಬಾಯಿಬಿಟ್ಟು ಆಡಿದ್ದರೆ ನಾಲಿಗೆ ತಡವರಿಸುತ್ತಿತ್ತೋ ಏನೋ. ಬೆರಳಿಗೆ ಆ ನಾಚಿಕೆ ಇರಲಿಲ್ಲ.

ಈಗ ಹೊರದೇಶದ ಕಂಪನಿಯೊಂದು ಅವನ ಸಂಗೀತವನ್ನು ಗ್ರಾಮಫೋನ್ ತಟ್ಟೆ ಮಾಡಿ ಹೊರಡಿಸುವುದಿತ್ತು. ಏಳು ಊರುಗಳಲ್ಲಿ ಕಾರ್ಯಕ್ರಮವೂ ನಿಗದಿಯಾಗಿತ್ತು. ಆ ಸುದ್ದಿಯನ್ನು ಚಾನೆಲ್ಲಿನಲ್ಲೂ ಹಾಕಿದ್ದ. ಎಲ್ಲ ಸದ್ದೂ ತನ್ನದೇ ಎಂಬ ಕಾಗದಕ್ಕೆ ಸಹಿ ಮಾಡಿ ಕಳಿಸಿದ್ದ. ಹೊನ್ನೂರಪ್ಪನ ಹೆಸರು ಹಾಕಿದರೆ ಆ 'ನಾನೇ' ಸುಳ್ಳಾಗುತ್ತದೆ, ಸಹಿ ಸುಳ್ಳಾಗುತ್ತದೆ. ಜನ ಹಿಂದಿನದನ್ನೆಲ್ಲ ಕೆದಕುತ್ತಾರೆ. ಕ್ಯಾಸೆಟ್ ಇಲ್ಲದಿದ್ದರೋ? ಬ್ಯಾಂಡ್‌ಸೆಟ್ಟಿನ ಮುದುಕನೊಬ್ಬ ಏನೋ ಹೇಳುತ್ತಾನೆ, ಅಷ್ಟೇ. ತಾನಿಲ್ಲದಿದ್ದರೆ ಆ ಊದುವಿಕೆ ಡಬ್ಬಿಯಲ್ಲೇ ತುಕ್ಕು ಹಿಡಿಯುತ್ತಿತ್ತಲ್ಲ ಎಂದುಕೊಂಡ. ಹಾಗೆ ಅಂದುಕೊಂಡಾಗ ಭಯ ಸ್ವಲ್ಪ ಕಡಿಮೆಯಾಗಿ ಸಿಟ್ಟು ಬರುತ್ತಿತ್ತು. ಸಿಟ್ಟು ಹೊರಲು ಸುಲಭ.

ಡಬ್ಬಿ ಕಳುವಾದರೆ ಹೇಮಾ ಮೊದಲು ತೋರಿಸುವ ಬೆರಳು ತನ್ನ ಕಡೆಗೇ. ಅದಕ್ಕೆ ಆ ಹೊತ್ತಿನಲ್ಲಿ ತಾನು ನೂರಮೂವತ್ತು ಕಿಲೋಮೀಟರು ಆಚೆ, ಸಾವಿರ ಜನರ ಕಣ್ಣೆದುರು ಇರಬೇಕು.

ತಿಂಗಳಿಗೊಂದು ಶನಿವಾರ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಅವನು ಲೈವ್ ಮಾಡುವುದು ರೂಢಿ. ಹುಳುಮನೆಯ ತುದಿಯ ಎಲೆಕೋಣೆಯಲ್ಲಿ ಕದ ಹಾಕಿಕೊಂಡು ಕೂರುತ್ತಿದ್ದ. ಕ್ಯಾಮೆರಾ ಕಾಣುವುದು ಪ್ಯಾಡ್ ಮತ್ತು ಎರಡು ಕೈ. ಗೋಡೆಯಾಚೆ ಹುಳು ಸಾಕುವ ತಟ್ಟೆಗಳ ಮೇಲೆ ತೂಗುವ ಮೈಕಿನಿಂದ ಹುಳುಗಳ ಸದ್ದು. ಯಾರು ಏನು ಬರೆದರೂ ಉತ್ತರ ಕೊಡುವುದಿಲ್ಲ. ಅದಕ್ಕೇ ಅವನು ಹೆಸರುವಾಸಿ. ಲೈವ್ ಇದ್ದಾಗ ಕದ ಬಡಿಯಬಾರದೆಂದು ಸೌಭಾಗ್ಯಳಿಗೂ ಗೊತ್ತು.

ಮಾಘದ ಹುಣ್ಣಿಮೆಗೆ ಮುಂಚಿನ ಶನಿವಾರ ರಾಯದುರ್ಗದಲ್ಲಿ ಮದುವೆಗಳು ಬಹಳ. ಆ ಮನೆಯಲ್ಲಿರುವುದು ಇಬ್ಬರೇ; ಹೊನ್ನೂರಪ್ಪ ಬೆಳಗಿನಿಂದ ಛತ್ರದಲ್ಲಿರುತ್ತಾನೆ, ಹೇಮಾ ಕಾರ್ಖಾನೆಯಲ್ಲಿ. ಬೆಟ್ಟದ ಬುಡದ ಆ ಓಣಿಯಲ್ಲಿ ಮನೆಮನೆಗೂ ಹೊಲಿಗೆ ಯಂತ್ರ. ಬೀಗ ಒಡೆದರೂ ಕೇಳಿಸದಷ್ಟು ಗಲಾಟೆ. ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಬಿಟ್ಟಾಗ ಮಾತ್ರ ಎಲ್ಲ ಯಂತ್ರವೂ ಒಮ್ಮೆಲೇ ನಿಲ್ಲುತ್ತದೆ. ಅಷ್ಟರೊಳಗೆ ಹೊರಬಿದ್ದರಾಯಿತು. ಬೈಕಿನ ಹಿಂದೆ ಜೀನ್ಸ್ ಪ್ಯಾಂಟಿನ ಗಂಟು ಕಟ್ಟಿಕೊಂಡು ಓಡಾಡುವವರು ಅಲ್ಲಿ ನೂರು ಜನ. ಹೆಲ್ಮೆಟ್ ಹಾಕಿ ಅಂಥದೇ ಒಂದು ಗಂಟು ಕಟ್ಟಿಕೊಂಡರೆ ನೂರೊಂದನೆಯವನು.

ಬುಧವಾರ, ಗುರುವಾರ ಎರಡು ದಿನ ಅವನು ಲೈವ್ ಅನ್ನು ಮುಂಚಿತವಾಗಿ ಚಿತ್ರಿಸಿಕೊಂಡ. ಕೈಯ ಮೇಲೆ ಬೀಳುವ ಬಿಸಿಲು ಆಯಾ ಹೊತ್ತಿನದೇ ಇರಲೆಂದು ಬೆಳಗಿನ ಭಾಗ ಬೆಳಿಗ್ಗೆ, ಸಂಜೆಯದು ಸಂಜೆ. ಎರಡು ದಿನವೂ ಅದೇ ಅಂಗಿ. ಹುಳುಗಳ ಬಗ್ಗೆಯೂ ಯೋಚಿಸಿದ. ಹುಳುಮನೆಯಲ್ಲಿ ಹುಟ್ಟಿ ಬೆಳೆದವನು. ಹುಳುಗಳು ಪೊರೆ ಬಿಡಲು ಎಲೆ ಬಿಟ್ಟು ತಲೆಯೆತ್ತಿ ಕೂರುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಹುಳು ಎದ್ದದ್ದು ಹಿಂದಿನ ಶನಿವಾರ. ಇನ್ನೂ ಚಳಿ ಹೋಗಿಲ್ಲ, ಎಂಟು ದಿನವಾದರೂ ಬಕಾಸುರನಂತೆ ತಿನ್ನುತ್ತವೆ. ಮೈ ಹಣ್ಣಾಗಿ, ಎಲೆ ಬಿಟ್ಟು ಗೂಡು ಕಟ್ಟಲು ಏಳುವುದು ಭಾನುವಾರ. ಬುಧವಾರದ ಸದ್ದಿಗೂ ಶನಿವಾರದ ಸದ್ದಿಗೂ ವ್ಯತ್ಯಾಸವಿರುವುದಿಲ್ಲ. ಈ ಲೆಕ್ಕ ಹಾಕಿದಾಗ ಅವನಿಗೆ ತನ್ನ ಬುದ್ಧಿಯ ಮೇಲೆ ತನಗೇ ಪ್ರೀತಿ ಬಂತು.

ಶುಕ್ರವಾರ ಇಡೀ ದಿನ ಹೆಡ್‌ಫೋನ್ ಹಾಕಿಕೊಂಡು ಒಂಬತ್ತು ಗಂಟೆಯನ್ನೂ ಕೇಳಿದ. ತೋಟದಲ್ಲಿ ಯಾರೋ ಕೂಗಿದ್ದನ್ನು ಕತ್ತರಿಸಿದ. ಗುರುವಾರದ ಸಂತೆಯ ಆಟೋ ಮೈಕಿನ ಕೂಗು ದೂರದಲ್ಲಿ ಒಂದೇ ಒಂದು ಕ್ಷಣ ಕೇಳಿತು, ಅದನ್ನೂ ತೆಗೆದ. ನಡುವೆ ಸೌಭಾಗ್ಯ ಬಾಗಿಲಲ್ಲಿ ಬಂದು ನಿಂತಳು. ಸೊಂಟದ ಮೇಲಿನ ಬುಟ್ಟಿಯಲ್ಲಿ ಎಲೆ ಅರ್ಧಕ್ಕೂ ಇರಲಿಲ್ಲ. ಇನ್ನೊಂದು ಕೈಯಲ್ಲಿ ಸಣ್ಣ ಸೀಸೆ. ಅವಳ ತುಟಿ ಅಲ್ಲಾಡಿತು. ಅವನು ತಲೆಯಾಡಿಸಿದ. ಅವಳು ಹೋದಳು.

ಶನಿವಾರ ನಸುಕಿನಲ್ಲೇ ಫೋನನ್ನು ಎಲೆಕೋಣೆಯಲ್ಲಿ ಬಿಟ್ಟು, ಎಂಟಕ್ಕೆ ಲೈವ್ ತಾನಾಗಿ ಶುರುವಾಗುವಂತೆ ಇಟ್ಟು, ಹೊರಗಿನವರಿಗೆ ಬಡಿತವಷ್ಟೇ ಮೆಲ್ಲಗೆ ಕೇಳುವಂತೆ ಸ್ಪೀಕರ್ ಹಚ್ಚಿ, ಮೈಕನ್ನು ಎಂದಿನಂತೆ ಹುಳುಗಳ ಮೇಲೆ ತೂಗಲು ಬಿಟ್ಟು, ಹಿಂಬಾಗಿಲಿನಿಂದ ಹಿಪ್ಪುನೇರಳೆಯ ಸಾಲಿನೊಳಗೆ ಇಳಿದ. ಬೈಕ್ ಹಿಂದಿನ ಸಂಜೆಯೇ ತೋಟದ ಆಚೆ ಬದಿಗಿತ್ತು. ಮಡಕಶಿರ, ಪಾವಗಡ, ಕಲ್ಯಾಣದುರ್ಗ. ಪೊಲೀಸ್ ಜೀಪೊಂದು ಎದುರಾದಾಗ ಗೇರು ಬದಲಿಸುವುದೇ ಮರೆತುಹೋಯಿತು.

ಓಣಿ ಅವನು ಅಂದುಕೊಂಡಂತೆಯೇ ಗಿರಗಿರ ಎನ್ನುತ್ತಿತ್ತು. ಜಗಲಿಯ ಮೇಲಿನವರು ಒಳಗೆ ಹೋಗುವವರೆಗೆ ಅಲ್ಲಿಲ್ಲಿ ಸುತ್ತಿ, ಹನ್ನೆರಡೂವರೆ ದಾಟಿದ ಮೇಲೆ ಮನೆಯ ಮುಂದೆ ನಿಂತ. ಚಿಲಕ ಒಂದೇ ಏಟಿಗೆ ಕಿತ್ತುಬಂತು. ಡಬ್ಬಿ ಅಟ್ಟದ ಮೇಲೆ, ದೇವರ ಪಟದ ಹಿಂದೆ. ಕೆಳಗಿಳಿಸಿ ಮುಚ್ಚಳ ತೆಗೆದು ಎಣಿಸುತ್ತಿದ್ದಾಗ ಹಿಂದೆ ಬೆಳಕು ಕಡಿಮೆಯಾಯಿತು. ಬಾಗಿಲಲ್ಲಿ ಹೊನ್ನೂರಪ್ಪ. ಬ್ಯಾಂಡಿನ ಕೆಂಪು ಕೋಟು, ಕೊರಳಲ್ಲಿ ಸ್ಯಾಕ್ಸೊಫೋನ್. ಊದುವ ತುದಿಯ ರೀಡು ಸೀಳಿತ್ತು, ಇನ್ನೊಂದು ಒಯ್ಯಲು ಬಂದಿದ್ದ.

"ಯಾರಪಾ ನೀನು?" ಎಂದವನು, ಡಬ್ಬಿಯ ಮುಚ್ಚಳದ ಮೇಲಿನ ಬೆರಳುಗಳನ್ನು ನೋಡಿ ನಕ್ಕ. "ಟೋಪಿ ತಗಿ ಲೇ ರಾಮಾಂಜಿ. ಊರೆಲ್ಲಾ ಫೋನಿನ್ಯಾಗ ನೋಡೋದು ನಿನ್ನ ಕೈನ. ನನಗ ಗೊತ್ತಾಗಂಗಿಲ್ಲೇನು?"

ಮುದುಕ ಡಬ್ಬಿಗೆ ಕೈ ಹಾಕಿದ. ರಾಮಾಂಜಿ ಎಳೆದ. ಎಳೆದನೋ ತಳ್ಳಿದನೋ, ಆಮೇಲೆ ಎಷ್ಟು ಸಲ ನೆನೆದರೂ ಅವನಿಗೆ ಖಚಿತವಾಗಲಿಲ್ಲ. ಹೊನ್ನೂರಪ್ಪ ಹಿಂದಕ್ಕೆ ಬಿದ್ದ. ತಲೆ ಒರಳುಕಲ್ಲಿಗೆ ಬಡಿಯಿತು. ಅದೇ ಹೊತ್ತಿಗೆ ಒಂದು ಗಂಟೆಯಾಗಿ ಓಣಿಯ ಯಂತ್ರಗಳೆಲ್ಲ ನಿಂತವು.

ಆ ನಿಶ್ಶಬ್ದದಲ್ಲಿ ಮುದುಕನ ಉಸಿರು ಕೇಳಿತು. ಒಂದು ಎಳೆತ, ತಡೆದು ಇನ್ನೊಂದು. ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ. ರಾಮಾಂಜಿಯ ಬೆರಳು ತಾನಾಗಿ ಡಬ್ಬಿಯ ಮೇಲೆ ಅದನ್ನು ಎಣಿಸತೊಡಗಿತು. ಅದು ಗೊತ್ತಾದಾಗ ಅವನಿಗೆ ತನ್ನ ಕೈಯನ್ನು ಕಂಡೇ ಹೆದರಿಕೆಯಾಯಿತು.

"ಡಬ್ಬಿ ಬೇಕಾದ್ರ ಒಯ್ಯಪಾ," ಎಂದ ಹೊನ್ನೂರಪ್ಪ, ಕಣ್ಣು ತೆರೆಯದೆ. "ಈಟು ನೀರು ಕೊಟ್ಟು ಹೋಗು."

ನೀರಿನ ಬಿಂದಿಗೆ ಮೂರು ಹೆಜ್ಜೆ ದೂರವಿತ್ತು. ಊಟಕ್ಕೆ ಬಿಟ್ಟವರ ಮಾತು ಓಣಿಯ ತುದಿಯಿಂದ ಹತ್ತಿರವಾಗುತ್ತಿತ್ತು. ರಾಮಾಂಜಿ ಡಬ್ಬಿಯನ್ನು ಗಂಟಿನೊಳಗೆ ತುರುಕಿ, ಕದವನ್ನು ಮೆಲ್ಲಗೆ ಮುಂದಕ್ಕೆಳೆದು, ಬೈಕ್ ಹತ್ತಿದ.

ವಾಪಸ್ ದಾರಿಯಲ್ಲಿ ರತ್ನಗಿರಿ ಕೋಟೆಯ ಕೆಳಗಿನ ಹಾಳುಬಾವಿಗೆ ಹದಿನಾಲ್ಕೂ ಕ್ಯಾಸೆಟ್ ಬಿದ್ದವು. ಐದಕ್ಕೆ ಹತ್ತು ನಿಮಿಷವಿರುವಾಗ ಅವನು ಹಿಂಬಾಗಿಲಿನಿಂದ ಎಲೆಕೋಣೆಗೆ ಹೊಕ್ಕ. ಲೈವ್ ಮುಗಿಯುವುದನ್ನು ಕಾದು, ಮುಂಬಾಗಿಲು ತೆಗೆದು, ಮೈಮುರಿಯುತ್ತ ಹೊರಬಂದ. ಸೌಭಾಗ್ಯ ಕೈ ತೊಳೆಯುತ್ತಿದ್ದಳು.

"ಮುಗೀತಾ? ಇದ್ಯಾಕ್ರೀ ಮಖ ಹಿಂಗಾಗೈತೆ?"

"ತಲೆನೋವು."

"ದಿನವೆಲ್ಲ ಆ ಚಿಪ್ಪು ಕಿವಿಗೆ ಕವಚ್ಕೊಂಡಿದ್ರೆ ಇನ್ನೇನಾಗ್ತದೆ? ದೆವ್ವಗಿವ್ವ ಕಂಡೋರಂಗೆ ಆಗಿದೀರ."

ಬೆವರು, ಪೆಟ್ರೋಲು ವಾಸನೆ ಹೊತ್ತು ಹುಳುಗಳ ಬಳಿ ಯಾರೂ ಸುಳಿಯುವುದಿಲ್ಲ. ಅವನು ನೇರ ಬಚ್ಚಲಿಗೆ ಹೋದ. ಅಲ್ಲಿಂದ ಹಾಸಿಗೆಗೆ. ಹೇಮಾಳ ಫೋನು ಬಂದದ್ದು ಆಮೇಲೆ. ತಾತನನ್ನು ಬಳ್ಳಾರಿಗೆ ಒಯ್ಯುತ್ತಿದ್ದಾಗ ದಾರಿಯಲ್ಲೇ ಹೋದರು ಎಂದಳು. ಅವನು ಏನನ್ನುತ್ತಾನೆಂದು ಕಾದಳು. ತಾತ ಏನಾದರೂ ಮಾತಾಡಿದರಾ ಎಂಬ ಪ್ರಶ್ನೆ ಅವನ ಹಲ್ಲಿನವರೆಗೂ ಬಂದು ನಿಂತಿತು.

"ಅಯ್ಯೋ ದೇವರೇ," ಎಂದ ಕೊನೆಗೆ.

"ದೇವರ ಪಟದ ಹಿಂದಿನ ಡಬ್ಬಿ ಇಲ್ರಿ," ಎಂದು ಹೇಮಾ ಫೋನಿಟ್ಟಳು.

ಮೂರು ದಿನ ಅವನಿಗೆ ನಿಜವಾಗಿಯೂ ಜ್ವರ ಬಂತು. ಗೋಡೆಯ ಕಡೆ ಮುಖ ಮಾಡಿ ಮಲಗಿ ರಸ್ತೆಯ ಸದ್ದುಗಳನ್ನು ಬಿಡಿಸುತ್ತಿದ್ದ: ಅದು ಹಾಲಿನ ಗಾಡಿ, ಅದು ಅಗಳಿಯ ಆಟೋ, ಅದು, ಅದು ಜೀಪಾ? ಸೌಭಾಗ್ಯ ನೀರು ತಂದಿಟ್ಟರೆ ಕುಡಿಯಲಾಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ತಡೆದು ತಡೆದು ಬರುವ ಆ ಉಸಿರು. ಮಂಗಳವಾರ ಎದ್ದು ಹೊರಬಂದಾಗ ಹುಳುಮನೆಯಲ್ಲಿ ಹುಳು ಗೂಡು ಕಟ್ಟುವ ಚಂದ್ರಿಕೆಗಳ ಸಾಲು. ಬಿದಿರಿನ ಹೆಣಿಗೆಯ ಸುತ್ತಿನಲ್ಲೆಲ್ಲ ಗೂಡುಗಳು ಬೆಳ್ಳಗೆ ಕೂತಿದ್ದವು. ತನ್ನ ಲೆಕ್ಕದ ಪ್ರಕಾರವೇ ಆಗಿದೆ ಎಂದುಕೊಂಡ. ಬೇರೆಯದೂ ಹಾಗೇ ಆದೀತು.

ಗುರುವಾರ ಜೀಪು ಬಂತು. ರಾಯದುರ್ಗದ ಎಎಸ್ಐ ಮಾರೇಶ್ ಐವತ್ತು ದಾಟಿದ ಸ್ಥೂಲ ಮನುಷ್ಯ. ಮಂಡಿನೋವಿಗೆ ಅಯ್ಯಪ್ಪಾ ಎನ್ನುತ್ತ ಇಳಿದು ಜಗಲಿಯ ಮೇಲೆ ಕೂತ. ಸಾವಿನ ವಿಷಯ, ಡಬ್ಬಿಯ ವಿಷಯ, ಹೇಮಾ ಕೊಟ್ಟ ದೂರಿನ ವಿಷಯ ಎಲ್ಲ ಮುಚ್ಚುಮರೆಯಿಲ್ಲದೆ ಹೇಳಿದ.

"ನಿಮ್ಮ ಲೈವ್ ನೋಡಿದ್ವಿ. ಒಂಬತ್ತು ತಾಸು! ನಮ್ಮ ಹುಡುಗ ಒಬ್ಬ ಕುಂತು ಪೂರ್ತಿ ನೋಡ್ಯಾನ, ಪಾಪ. ನನಗ ಹತ್ತು ನಿಮಿಷಕ್ಕ ನಿದ್ದಿ ಬಂತ್ರಿ, ಛಲೋ ಐತಿ." ನಕ್ಕ. "ಅಮ್ಮಾ, ಶನಿವಾರ ನಿಮ್ಮ ಯಜಮಾನ್ರು ಎಲ್ಲಿದ್ರು?"

"ಆ ಕೋಣೆಯಾಗೇ ಸಾರ್, ಬೆಳಿಗ್ಗೆಯಿಂದ. ಸಂಜೆ ಐದಕ್ಕೆ ಈಚೆಗೆ ಬಂದ್ರು. ಉಣ್ಣಕ್ಕೂ ಏಳಲಿಲ್ಲ."

ಮಾರೇಶ್ ಅದನ್ನು ಬರೆದುಕೊಂಡ. ಕೆಳಗೆ ಇಬ್ಬರ ಸಹಿ ಹಾಕಿಸಿದ. ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟ. ಐದು ದಿನದಿಂದ ರಾಮಾಂಜಿಯ ಎದೆಯ ಮೇಲೆ ಕೂತಿದ್ದ ಕಲ್ಲು ಮೊದಲ ಸಲ ಅಲುಗಿತು.

"ಒಂದ್ ಮಾತು," ಎಂದ ಮಾರೇಶ್, ಏಳಲು ಹೋದವನು ಮತ್ತೆ ಕೂತು. "ಹಿಂದ ಮಳಿ ಸದ್ದು ಬರ್ತೈತಲ್ಲ. ಈ ಮಾಘ್ಯಾಗ ನಿಮ್ಮ ಕಡಿ ಮಳಿ ಎಲ್ಲೀದು?"

ರಾಮಾಂಜಿಗೆ ಈ ಪ್ರಶ್ನೆ ಮುಂಚೆಯೇ ಗೊತ್ತಿತ್ತು. ಉತ್ತರವನ್ನೂ ಸಿದ್ಧಮಾಡಿಟ್ಟುಕೊಂಡಿದ್ದ. "ಮಳೆಯಲ್ಲ ಸಾರ್, ರೇಷ್ಮೆ ಹುಳ ಎಲೆ ತಿನ್ನೋ ಸದ್ದು. ಹುಳುಮನೆಯಾಗೆ ಮೈಕ್ ಹಾಕಿರ್ತೀನಿ."

"ಎಲ್ಲಾ ಬಿಟ್ಟು ಹುಳದ ಸಂಗೀತ!" ಮಾರೇಶ್‌ಗೆ ಬಹಳ ಖುಷಿಯಾಯಿತು. ಫೋನು ತೆಗೆದು ಲೈವ್ ಹಚ್ಚಿ ಸೌಭಾಗ್ಯಳ ಕಡೆ ಹಿಡಿದ. "ನೀವ್ ಕೇಳೀರೇನಮ್ಮಾ ನಿಮ್ಮ ಯಜಮಾನ್ರ ಹಾಡು?"

"ನಮಗೆಲ್ಲಿ ಸಾರ್ ಪುರಸೊತ್ತು," ಎನ್ನುತ್ತ ಅವಳು ಸೆರಗಿಗೆ ಕೈ ಒರೆಸಿಕೊಂಡು ಫೋನನ್ನು ಕಿವಿಗಿಟ್ಟುಕೊಂಡಳು. ಗಂಡನ ಕಡೆ ನೋಡಿ ಹೆಮ್ಮೆಯಿಂದ ನಕ್ಕಳು. ನಗು ಹಾಗೇ ಇದ್ದು ಹುಬ್ಬು ಮಾತ್ರ ಗಂಟಾಯಿತು. "ಬೇರೆ ಯಾವ್ದೋ ಹಾಕಿದೀರ ಸಾರ್, ಇದು ಶನಿವಾರದ್ದಲ್ಲ," ಎಂದಳು. "ಶನಿವಾರದ್ದೇ ಅಮ್ಮಾ, ತಾರೀಕು ಐತಿ ನೋಡ್ರಿ," ಎಂದ ಮಾರೇಶ್. "ಇಲ್ಲ ಸಾರ್, ಇದ್ರಾಗೆ ಹುಳ ಎಲೆ ತಿಂತಾವೆ. ಎಲೆ ಸಾಲ್ದೆ ನಾನು ಶುಕ್ರವಾರನೇ ಬೇಗ ಹಣ್ಣಾಗೋ ಔಷಧಿ ಚಿಮುಕ್ಸಿದ್ದೆ. ಶನಿವಾರ ಬೆಳಗಾಗೋ ಅಷ್ಟೊತ್ತಿಗೆ ಒಂದು ಹುಳನೂ ಎಲೆ ಮುಟ್ಟಲಿಲ್ಲ. ನಾನು, ಕೂಲಿಗೆ ಬಂದಿದ್ದ ಚಿನ್ನಕ್ಕ, ಲಕ್ಷ್ಮಿದೇವಿ ಸಂಜೆವರ್ಗೂ ಹಣ್ಣುಹುಳ ಆಯ್ದು ಚಂದ್ರಿಕೆಗೆ ಬಿಟ್ವಿ. ಮೈಕ್ ತೂಗ್ತಾ ಐತೆ, ಇವ್ರ ಲೈವ್ ಕೆಡ್ತದೆ ಅಂತ ಮೂವರೂ ತುಟಿ ಬಿಚ್ಚಲಿಲ್ಲ, ಸನ್ನೆಯಾಗೇ ಕೆಲ್ಸ. ಇಡೀ ದಿನ ಹುಳುಮನೆ ಉಸಿರಿಲ್ದಂಗಿತ್ತು." ಆಮೇಲೆ ಗಂಡನ ಕಡೆ ತಿರುಗಿದಳು, ಏನೂ ಅರಿಯದ ಮುಖದಲ್ಲಿ. "ಔಷಧಿ ಚಿಮುಕ್ಸಲಾ ಅಂತ ನಿಮ್ಮನ್ನೇ ಕೇಳಿದ್ನಲ್ರೀ ಬಾಗಿಲಾಗೆ ನಿಂತು? ಹೂಂ ಅಂತ ತಲೆ ಆಡ್ಸಿದ್ರಲ್ಲ?" ಮಾರೇಶ್ ಜೇಬಿನಿಂದ ಪೆನ್ನು ಈಚೆಗೆ ತೆಗೆದು ಮುಚ್ಚಳ ಬಿಚ್ಚಿದ. ಅವಳ ಕೈಯಲ್ಲಿದ್ದ ಫೋನಿನೊಳಗೆ ಹುಳುಗಳು ಎಲೆ ತಿನ್ನುತ್ತಲೇ ಇದ್ದವು.